ಉಬ್ಬದ ಹಿಟ್ಟು

ಎರೆಹೊಲದ ಗೋಧಿಯ ಮೇಲೆ ಗುಣಲೇಖಿ ತೇಲಿಕೊಂಡು ಹೋಯಿತು. ಆ ಯಂತ್ರದ ಹೊಟ್ಟೆಯಿಂದ ಇಳಿದ ಮಂಜಿನ ಪ್ರತಿ ಹನಿಯಲ್ಲೂ ಅಪಾಯವಿಲ್ಲದ ಒಂದು ವೈರಾಣು. ಅದರೊಳಗೆ ವಂಶವಾಹಿಯ ಒಂದು ಸಾಲು. ಹನಿ ಎಲೆಗೆ ತಾಗಿದರೆ ಸಾಕು, ಆ ಸಾಲು ಗಿಡದ ಜೀವಕೋಶಗಳನ್ನು ಸೇರಿ, ಕಾಳಿಗೂ ಇಳಿದು, ಮುಂದಿನ ಬೆಳೆಗೂ ಉಳಿಯುತ್ತಿತ್ತು. ಆಮೇಲೆ ಗಿಡ ತಾನೇ ‘ಕವಚಸಾರ’ವೆಂಬ ಪ್ರೋಟೀನನ್ನು ತಯಾರಿಸುತ್ತಿತ್ತು. ಮುಟ್ಟಲು ಬಂದ ಶಿಲೀಂಧ್ರ ಯಾವುದೇ ಇರಲಿ, ಕವಚಸಾರ ಅದರ ಕೋಶಭಿತ್ತಿಯನ್ನು ಒಡೆಯುತ್ತಿತ್ತು.

ಎಲೆಯ ಮೇಲೆ ಅರಿಸಿನ ಎರಚಿದಂತೆ ಕಾಣುವ ಭಂಡಾರ ರೋಗ ಹೀಗೆ ದೇಶ ಬಿಟ್ಟಿತು. ಹಳೆಯ ಬೀಜ ಉಳಿದರೆ ರೋಗಕ್ಕೆ ನೆಲೆ ಸಿಕ್ಕೀತೆಂದು ಸರ್ಕಾರ ಅದನ್ನೆಲ್ಲ ಹಿಂದಕ್ಕೆ ಪಡೆದು ಸುಡಿಸಿತು. ಆ ಸಾಲನ್ನು ಬರೆದವರು ಗೋಧಿ ಸಂಶೋಧನಾಲಯದ ಡಾ. ಇಂದುಮತಿ ಹಂಚಿನಾಳ.

ಹೊಸ ಬೆಳೆಯ ಹಿಟ್ಟು ಪೇಟೆಗೆ ಬಂದ ವಾರದಲ್ಲೇ ವಿಜಯಪುರದಿಂದ ಹಾಜರಾಬಿ ಬಂದಳು. ನಾನ್ ಸುಡುವ ಭಟ್ಟಿ ಅವಳದು. ತಂದಿದ್ದ ಗಡಿಗೆಯನ್ನು ಇಂದುಮತಿಯ ಮೇಜಿನ ಮೇಲೆ ಕುಕ್ಕಿದಳು.

“ಬಾಯಾರ, ಇದನ್ನ ಕೊಂದವ್ರು ನೀವೇನು?”

ಗಡಿಗೆಯಲ್ಲಿದ್ದುದು ಖಮೀರು, ಹಿಟ್ಟನ್ನು ಉಬ್ಬಿಸುವ ಹುಳಿಹಿಟ್ಟು. ದಿನವೂ ಒಂದಿಷ್ಟು ಉಳಿಸಿ, ಉಳಿದದ್ದಕ್ಕೆ ಹೊಸ ಹಿಟ್ಟು ಉಣಿಸಿ, ಅತ್ತೆಯಿಂದ ಸೊಸೆಗೆ ದಾಟಿಸಿಕೊಂಡು ಬಂದದ್ದು.

“ಹೊಸ ಹಿಟ್ಟು ಬಂತಂದ್ರ ಮೊದಲ ತುತ್ತು ಖಮೀರಿಗೆ, ಆಮ್ಯಾಲ ಮಂದಿಗೆ. ನಮ್ಮ ಮನ್ಯಾಗ ಹಂಗ ಐತ್ರಿ. ಬರಕತ್ ಆಗ್ಲಿ ಅಂತ ಗಡಗಿ ತುಂಬ ಸುರುವಿದೆ. ಮುಂಜಾನೆ ನೋಡಿದ್ರ ಮಣ್ಣು. ಅಂಗಡಿ ಈಸ್ಟು ತಂದು ಹಾಕಿದೆ, ಅದೂ ಸತ್ತೈತಿ. ಈಗ ನಾನ್ ಅಂದ್ರ ಹಂಚು. ಗಿರಾಕಿ ಹಲ್ಲು ಎಣಿಸ್ಕೊಂಡು ಹೊಂಟಾರ.”

“ಸ್ವಲ್ಪನೂ ಉಳಿದಿಲ್ಲೇನು?”

“ಮೊದಲ ತಗದಿಟ್ಟಿದ್ದು ಒಂದು ಬಟ್ಟಲು, ಜೋಳದ ಹಿಟ್ಟಿನ್ಯಾಗ ಇಟ್ಟೀನಿ. ಉಸಿರಾಡಾಕತ್ತೈತಿ. ಅದನ್ನ ತಗೊಂಡು ಜೋಳದ ನಾನ್ ಸುಡ್ಲೇನು?”

ಇಂದುಮತಿ ಗಡಿಗೆಯ ಹಿಟ್ಟನ್ನು ಸೂಕ್ಷ್ಮದರ್ಶಕದಡಿ ಇಟ್ಟರು. ಯೀಸ್ಟಿನ ಕೋಶಗಳೆಲ್ಲ ಒಡೆದು ಬರಿಯ ಸಿಪ್ಪೆಯಾಗಿದ್ದವು.

“ಈಸ್ಟು ಸುದ್ದಾ ಶಿಲೀಂಧ್ರನ, ಹಾಜರಾಬಿ. ನಾ ಬರೆದ ಸಾಲಿಗೆ ವೈರಿ ಯಾರು, ನೆಂಟರು ಯಾರು ತಿಳಿಯೂದಿಲ್ಲ.”

“ಅದಕ್ಕ ತಿಳಿಯೂದಿಲ್ಲ, ಖರೆ. ನಿಮಗೂ ತಿಳೀಲಿಲ್ಲೇನು?”

“ಕಾಳಿನ್ಯಾಗ ಇಷ್ಟು ಸಾರ ಇಳೀತದ ಅಂದ್ಕೊಂಡಿರಲಿಲ್ಲ. ತಿಂದು ನೋಡಾಕ ಒಂದು ಸಮಿತಿ ಇತ್ತು. ಚಪಾತಿ, ಹೋಳಿಗಿ, ಹುಗ್ಗಿ, ಶಾವಿಗಿ, ಎಲ್ಲಾ ಮಾಡ್ಸಿ ತಿಂದ್ವಿ.”

“ಯಾರ್ಯಾರು ತಿಂದ್ರಿ?”

“ನಮ್ಮಂಥ ಮನಿಯವ್ರ ಎಲ್ಲಾ,” ಎಂದರು ಇಂದುಮತಿ. ಸಮಿತಿಯವರೆಲ್ಲ ಅವರಂಥ ಮನೆಗಳಿಂದಲೇ ಬಂದವರು. ಆ ಮನೆಗಳಲ್ಲಿ ಜ್ವರ ಬಂದಾಗ ಮಾತ್ರ ಬ್ರೆಡ್ಡು. ಉಬ್ಬುವ ಒಂದು ತಿನಿಸೂ ಆ ಊಟದ ಎಲೆಗಳ ಮೇಲೆ ಬಿದ್ದಿರಲಿಲ್ಲ.

“ನಮ್ಮ ಓಣ್ಯಾಗ ಒಂದರ ಬೆನ್ನಿಗೆ ಒಂದು ಭಟ್ಟಿ ಅದಾವ್ರಿ,” ಎಂದಳು ಹಾಜರಾಬಿ. ದನಿ ಏರಲಿಲ್ಲ, ಏರಿದ್ದರೆ ಕೇಳುವವರಿಗೆ ಹಗುರವಾಗುತ್ತಿತ್ತು. “ಒಬ್ಬರನ್ನರ ಕರದ್ರಿ? ನಿಮ್ಮ ಅಡಗಿಮನಿ ಗ್ವಾಡಿಗೆ ಲೋಕ ಮುಗೀತು ಅಂತ ತಿಳದ್ರಿ.”

ಇಂದುಮತಿ ಅವಳನ್ನು ಕರೆದುಕೊಂಡು ನಿರ್ದೇಶಕ ದೇಸಾಯಿಯವರ ಕೋಣೆಗೆ ಹೋದರು. ಅವರು ಎಲ್ಲ ಕೇಳಿ ಕನ್ನಡಕ ಒರೆಸಿಕೊಂಡರು.

“ಮಂದಿ ಚಪಾತಿ ತಿಂತಾರ ಬಿಡ್ರಿ, ಇಂದುಮತಿ. ಹೊಟ್ಟಿ ತುಂಬಿದ್ರ ಸಾಕಲ್ಲ.”

“ಯಾರ ಹೊಟ್ಟಿಗೆ ಏನು ಅಂತ ನಾವು ಹೇಳೂದಲ್ಲ, ಸರ್. ಗಾಜಿನಮನ್ಯಾಗಿನ ಗೋಧಿ ಸಾಲು ಸುಡಬ್ಯಾಡ್ರಿ.”

ರೋಗವನ್ನು ಪರೀಕ್ಷೆಗೆಂದು ಜೀವಂತ ಇಡಬೇಕಾದರೆ, ಅದಕ್ಕೆ ಸುಲಭವಾಗಿ ತುತ್ತಾಗುವ ಗೋಧಿಯನ್ನೇ ಬೆಳೆಸಬೇಕು. ಕವಚಸಾರವಿಲ್ಲದ ಅಂಥ ಹಳೆಯ ಗೋಧಿಯ ಒಂದು ಸಾಲು ಮಾತ್ರ ಸಂಶೋಧನಾಲಯದ ಗಾಜಿನಮನೆಯಲ್ಲಿ ಉಳಿದಿತ್ತು. ಅದನ್ನೂ ಸುಡಲು ಆದೇಶ ಬಂದಿತ್ತು.

“ರೋಗ ಸಾಕ್ತೀರೇನು? ಕೆಲಸ ಹೋಗ್ತದ.”

“ಹೋಗ್ಲಿ,” ಎಂದರು ಇಂದುಮತಿ. ಅಲ್ಲಿಂದ ಹಾಜರಾಬಿಯೊಡನೆ ನೇರ ಗಾಜಿನಮನೆಗೆ ನಡೆದು, ತೆನೆಗಳನ್ನು ಕೈಯಾರೆ ಮುರಿದು ಉಜ್ಜಿದರು. ಭಂಡಾರ ತಿಂದು ಬಿಟ್ಟ ಕಾಳು. ಸೊರಗಿ, ಸುಕ್ಕುಗಟ್ಟಿ, ಒಂದು ಬೊಗಸೆಯೂ ತುಂಬಲಿಲ್ಲ. ಹಿಂದೆ ಇಂಥ ಕಾಳನ್ನು ಅವರು ಕೋಳಿಗೂ ಹಾಕಗೊಟ್ಟವರಲ್ಲ.

“ಇದರಾಗ ನಿಮ್ಮ ಖಮೀರು ಏಳ್ತದ. ಇವತ್ತ ಬೀಸಿದ್ರ ಒಂದು ನಾನ್ ಆದೀತು.”

“ಬಿತ್ತಿದ್ರ?”

“ಮುಂದಿನ ಬೆಳಿಗೆ ಒಂದಿಷ್ಟು ಬೀಜ. ಅದರ ಮುಂದಿನ ಬೆಳಿಗೆ ಹಿಟ್ಟು. ಅದೂ ರೋಗ ಬಿಟ್ಟಷ್ಟು. ಈಗ ನಾನೇನೂ ಬರಿಯಾಂಗಿಲ್ಲ, ಕಾಯಬೇಕು ಅಷ್ಟ.”

ಹಾಜರಾಬಿ ಕಾಳನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು. ಒಂದು ನಾನಿನ ಆಸೆ ಅವಳ ಮುಖದ ಮೇಲೆ ಬಂದು ಹೋಯಿತು.

“ಬಿತ್ರಿ. ಅಲ್ಲೀತನಕ ಭಟ್ಟಿ ಆರಸ್ತೀನಿ. ನಿಮ್ಮ ಮ್ಯಾಲಿನ ಸಿಟ್ಟು ಮಾತ್ರ ಆರಸೂದಿಲ್ಲ, ಬಾಯಾರ.”

“ಆರಸಬ್ಯಾಡ್ರಿ,” ಎಂದು ಇಂದುಮತಿ ಮಣ್ಣಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಬೆರಳಿನಿಂದ ಸಾಲು ತೆಗೆಯತೊಡಗಿದರು. ಯಾರೋ ಕುರ್ಚಿ ತಂದಿಟ್ಟರು. ಹಾಜರಾಬಿ ಕೂಡಲಿಲ್ಲ. ಕೊನೆಯ ಕಾಳು ಮಣ್ಣು ಸೇರುವವರೆಗೂ ಇಂದುಮತಿಯ ಕೈಯನ್ನೇ ನೋಡುತ್ತ ನಿಂತಳು.