ಬಾಣಂತಿಮನೆಯ ಮೂರು ಪದರ ಗಾರೆ

ಬಹಳ ಹಿಂದೆ, ಗೋಡೆಗಳು ಸಾಕ್ಷಿ ಹೇಳುತ್ತಿದ್ದ ಕಾಲದಲ್ಲಿ, ಏಳು ಸುತ್ತಿನ ಕೋಟೆಯೊಳಗೆ ಸಿಡಿಲಗಡವೆಂಬ ಪಟ್ಟಣವಿತ್ತು. ಪಟ್ಟಣದ ನಡುವೆ ಒಂದು ಹಳೆಯ ಕಟ್ಟಡ. ಮೊದಲು ಅದು ಆನೆಲಾಯ, ಆಮೇಲೆ ಕಣಜ, ಈಗ ಬಾಣಂತಿಮನೆ. ಕಾಲ ಬದಲಾದಾಗಲೆಲ್ಲ ಹಳೆಯ ಗಾರೆಯ ಮೇಲೆ ಹೊಸ ಗಾರೆ ಬಿದ್ದಿತ್ತು.

ಆ ಗೋಡೆಗಳನ್ನು ನೋಡಿಕೊಳ್ಳುತ್ತಿದ್ದವಳು ಗಾರೆ ಕೆಲಸದ ಸಂಕವ್ವ. ಮಹಾ ಅನುಮಾನದ ಹೆಂಗಸು. ಹಾಲಿನವಳು ನಕ್ಕರೆ ಹಾಲಿಗೆ ನೀರು ಬಿದ್ದಿದೆ ಎನ್ನುವವಳು. ಅವಳ ಮಗಳು ಚೆನ್ನಾಜಿ ಮೂರು ದಿನದ ಕೂಸಿನೊಡನೆ, ಸುಡುವ ಜ್ವರದಲ್ಲಿ ಅಲ್ಲೇ ಮಲಗಿದ್ದಳು.

ಒಂದು ದಿನ ದುರ್ಮುಖನೆಂಬ ಮಂತ್ರವಾದಿ ಅರಸ ಬೊಮ್ಮರಸನ ಬಳಿ ಬಂದ. ಹೆಸರು ದುರ್ಮುಖ, ಮಾತು ಮಾತ್ರ ಬೆಣ್ಣೆ.

"ಪ್ರಭು, ಆ ಕಟ್ಟಡ ನನ್ನ ಮುತ್ತಜ್ಜ ಕಟ್ಟಿಸಿದ್ದು. ಗೋಡೆಯೇ ಹೇಳಿದರೆ ಸಂಜೆಯೊಳಗೆ ಬಿಡಿಸಿಕೊಡಬೇಕು."

ಅರಸ ಹಿಂದೆಮುಂದೆ ನೋಡದೆ ಒಪ್ಪಿಬಿಟ್ಟ. ಸುದ್ದಿ ಕೇಳಿ ಸಂಕವ್ವ ಗೋಡೆಯ ಬಳಿಗೆ ಓಡಿದಳು. ಜ್ವರದ ಬಾಣಂತಿಯನ್ನು ಚಳಿಗಾಳಿಗೆ ಹಾಕಿದರೆ ಬದುಕುತ್ತಾಳೆಯೇ?

ಅರಸನೂ ಜನರೂ ನೋಡುತ್ತಿದ್ದಂತೆ ದುರ್ಮುಖ ಗೋಡೆಯ ಮುಂದೆ ಚಪ್ಪಾಳೆ ತಟ್ಟಿದ. ಮೇಲಿನ ಪದರ ಉದುರಿ ಕಣಜದ ಗಾರೆ ಕಂಡಿತು. ಅದರಿಂದ ಭತ್ತ ಸುರಿದು ನೆಲದ ಮೇಲೆ ಅವನ ಹೆಸರಾಯಿತು. ಸಂಕವ್ವ ಚಿಟಿಕೆ ಗಾರೆ ಕೆರೆದು ನಾಲಿಗೆಗಿಟ್ಟಳು. ಗಾರೆಗೆ ಬೆಲ್ಲ, ಅಳಲೆಕಾಯಿ ಹಾಕಿ ಕಲಸುತ್ತಿದ್ದ ಕಾಲವದು. ಬೆಲ್ಲದ ಸಿಹಿ. ಗಾರೆ ನಿಜ.

ಎರಡನೆಯ ಚಪ್ಪಾಳೆಗೆ ಆನೆಲಾಯದ ಗಾರೆ ಕಂಡಿತು. ಅದರ ಮೇಲಿನ ಚಿತ್ರದ ಆನೆ ಇಳಿದು ಬಂದು ಅವನಿಗೆ ಮಂಡಿಯೂರಿತು. ಸಂಕವ್ವ ಮತ್ತೆ ನೆಕ್ಕಿದಳು. ಅಳಲೆಕಾಯಿಯ ಒಗರು. ಇದೂ ನಿಜ.

ಮೂರನೆಯ ಚಪ್ಪಾಳೆಗೆ ಎಲ್ಲಕ್ಕಿಂತ ಒಳಗಿನ ಪದರ ಕಂಡಿತು. ಅದರ ತುಂಬ ದುರ್ಮುಖನ ಮನೆತನದ ಮುದ್ರೆ. ಜನ ಬೆರಗಾದರು. ಸಂಕವ್ವ ನೆಕ್ಕಿದಳು. ಏನೂ ಇಲ್ಲ.

"ಪ್ರಭು, ಇದು ಮನುಷ್ಯರು ಕಲಸಿದ್ದಲ್ಲ. ಕಣ್ಣಿಗೆ ಗಾರೆ, ನಾಲಿಗೆಗೆ ಗಾಳಿ!"

"ಸುಳ್ಳಾದರೆ ನಾಲಿಗೆ ಕೊಯ್ದು ಕೊಡ್ತೀಯಾ?" ದುರ್ಮುಖ ನಕ್ಕ.

"ಕೊಡ್ತೀನಿ. ಆದ್ರೆ ಕಟ್ಟಿಸಿದ ಮನೆಯವರೂ ಗಾರೆ ನೆಕ್ಕೋದು ನಮ್ಮ ಪದ್ಧತಿ. ನಿಮ್ಮ ಮುತ್ತಜ್ಜಂದಲ್ವಾ? ನೆಕ್ಕಿ ಸ್ವಾಮಿ!"

ದುರ್ಮುಖ ಎರಡು ಹೆಜ್ಜೆ ಹಿಂದೆ ಸರಿದ. ಈಗ ಅರಸನಿಗೂ ಅನುಮಾನ ಹುಟ್ಟಿತು. "ನೆಕ್ಕು" ಎಂದ. ಭಟರು ಕತ್ತಿ ಹಿರಿದರು.

ಬೇರೆ ದಾರಿಯಿಲ್ಲದೆ ದುರ್ಮುಖ ನೆಕ್ಕಿದ. ಅವನ ಮಾಯೆ ಅವನ ಹೊಟ್ಟೆಗೇ ಹೋಯಿತು. ಪಾದದಿಂದ ಮೇಲಕ್ಕೆ ಬೆಳ್ಳಗಾಗುತ್ತ ಅವನು ಸುಣ್ಣದ ರಾಶಿಯಾದ. ಆನೆ ಗೋಡೆಗೆ ಮರಳಿತು. ಸುಳ್ಳು ಪದರ ಕರಗಿ ಬರಿಗಲ್ಲು ಕಂಡಿತು. ಕಲ್ಲಿನೊಳಗೆ ಸರಪಳಿ ಬಿಗಿದ ಬೇತಾಳವೊಂದು, "ಅಯ್ಯೋ, ಬಿಡಿಸಲು ಬಂದವನೇ ಹೋದನಲ್ಲಾ!" ಎಂದು ಅತ್ತು ಹೊಗೆಯಾಯಿತು. ದುರ್ಮುಖನಿಗೆ ಬೇಕಾಗಿದ್ದುದು ಕಟ್ಟಡವಲ್ಲ, ಆ ಬೇತಾಳ.

ಅರಸ ತಲೆ ತಗ್ಗಿಸಿ ಸಂಕವ್ವನ ಕ್ಷಮೆ ಕೇಳಿದ. ಬಾಣಂತಿಯರು ಅಲ್ಲೇ ಉಳಿದರು. ಚೆನ್ನಾಜಿಯ ಜ್ವರ ನಾಲ್ಕು ದಿನದಲ್ಲಿ ಇಳಿಯಿತು. ಅಂದಿನಿಂದ ಸಿಡಿಲಗಡದ ಕೂಸುಗಳೆಲ್ಲ ಆ ಗೋಡೆಗಳ ನಡುವೆಯೇ ಹುಟ್ಟಿದವು, ಪಟ್ಟಣ ಸುಖವಾಗಿತ್ತು.

ಜ್ವರ ಇಳಿದ ದಿನ ಚೆನ್ನಾಜಿ ಕೇಳಿದಳು, "ಅವ್ವಾ, ನಾಲಿಗೇನೇ ಪಣಕ್ಕಿಟ್ಟೆಯಲ್ಲ, ಅಷ್ಟು ಧೈರ್ಯ ಎಲ್ಲಿಂದ ಬಂತು?"

ಸಂಕವ್ವ ಮೂಗು ಒರೆಸಿಕೊಂಡಳು. "ಧೈರ್ಯ ಎಲ್ಲಿ ಬಂತು ಮಗಳೇ? ಅವತ್ತು ನಂಗೆ ಕೆಟ್ಟ ನೆಗಡಿ. ಮೂರನೇ ಗಾರೆಗೆ ರುಚಿ ಇರಲಿಲ್ವೋ, ಅಷ್ಟೊತ್ತಿಗೆ ನನ್ನ ನಾಲಿಗೆಗೇ ರುಚಿ ಹೋಗಿತ್ತೋ, ಅದೇ ಅನುಮಾನ. ಅದಕ್ಕೇ ಅವನ ಕೈಲೂ ನೆಕ್ಕಿಸಿದ್ದು."