ಕರುಳಿಗೆ ಹಾಕಿದ ಅಳತೆ

“ಅಬ್ಬಾ! ಐಸ್ ಇಟ್ಟ ಹಾಗಿದೆ!”

ಹೊಟ್ಟೆಗೆ ಸ್ಕ್ಯಾನಿಂಗ್ ಜೆಲ್ ತಾಗುತ್ತಲೇ ದೊಗ್ಯೊಮ್ ಬೆಚ್ಚಿಬಿದ್ದ. ಹಾರಮ್ ಕಿವಿಯವರೆಗೆ ಕೆಂಪಾದಳು.

“ಕ್ಷಮಿಸಿ ಸೀನಿಯರ್... ಬೆಚ್ಚಗೆ ಮಾಡೋದು ಮರೆತೆ.”

“ಗಡಿಯ ಚಳಿಯಲ್ಲಿ ಕಾವಲು ನಿಂತವನಿಗೆ ಇದ್ಯಾವ ಲೆಕ್ಕ ಬಿಡಿ!”

ಪಕ್ಕದ ಮಂಚದ ಹುಡುಗಿಯರು ಕಿಸಕ್ಕೆಂದರು. ತೇಜಾನ್ ನಗರದ ಆ ಕಾಲೇಜಿನಲ್ಲಿ ಸ್ಕ್ಯಾನಿಂಗ್ ಕಲಿಯುವವರು ಒಬ್ಬರ ಮೇಲೊಬ್ಬರು ಅಭ್ಯಾಸ ಮಾಡಬೇಕು. ಹಾರಮ್‌ಳ ಜೊತೆಗಾತಿ ಅಂದು ಬಂದಿರಲಿಲ್ಲ. ಮಧ್ಯೆ ಓದು ನಿಲ್ಲಿಸಿ ಈ ವರ್ಷವಷ್ಟೇ ತರಗತಿಗೆ ಮರಳಿದ್ದ ದೊಗ್ಯೊಮ್ ತಾನಾಗಿಯೇ ಬಂದು ಮಲಗಿದ್ದ. ಊಟದ ಹೊತ್ತಿನ ಅವನ ಸೈನ್ಯದ ಕಥೆಗಳನ್ನು ದೂರದ ಮೇಜಿನಿಂದ ಕದ್ದು ಕೇಳುತ್ತಿದ್ದವಳಿಗೆ ಇಷ್ಟು ಹತ್ತಿರ ಅವನು ಸಿಕ್ಕಿದ್ದು ಇದೇ ಮೊದಲು.

ದೇವರೇ, ತಪ್ಪಾಗದಿರಲಿ... ಇವತ್ತೊಂದು ದಿನ!

ಲಿವರ್ ಚೆನ್ನಾಗಿ ಮೂಡಿತು. ಬಲಗಡೆಯ ಕಿಡ್ನಿಯೂ ಸಿಕ್ಕಿತು. ಅಷ್ಟರಲ್ಲಿ ಬೆನ್ನ ಹಿಂದೆ ಪಾಠ ಹೇಳುವ ಮಿನ್ ಮೇಡಂ ದನಿ.

“ಎಡಗಡೇದು ತೋರಿಸು. ಇವತ್ತೂ ಆಗ್ಲಿಲ್ಲ ಅಂದ್ರೆ ನಿನ್ನನ್ನ ಆಸ್ಪತ್ರೆ ತರಬೇತಿಗೆ ಕಳಿಸೋಲ್ಲ.”

ಹಾರಮ್ ಹುಡುಕಿದಳು. ಪಕ್ಕೆಲುಬಿನ ಸಂದಿಯಲ್ಲಿ, ಬೆನ್ನ ಕಡೆಯಿಂದ, ಅವನ ಉಸಿರು ಹಿಡಿಸಿ... ಎಲ್ಲೂ ಇಲ್ಲ. ದೊಗ್ಯೊಮ್ ಚಾವಣಿ ನೋಡುತ್ತಾ ಮಲಗಿದ್ದ. ಅವನ ನಗು ಆರಿಹೋಗಿತ್ತು.

‘ಕಾಣಲಿಲ್ಲ’ ಎನ್ನಲು ನಾಲಿಗೆ ಏಳಲಿಲ್ಲ. ಕಂಡ ಯಾವುದೋ ಬೂದು ಉಂಡೆಯನ್ನು ಪರದೆಯ ಮೇಲೆ ನಿಲ್ಲಿಸಿ, ಎರಡೂ ತುದಿಗೆ ಗುರುತಿಟ್ಟು ಅಳೆದೇಬಿಟ್ಟಳು.

“ಇದೇ... ಮೇಡಂ.”

“ಅದು ಕರುಳು! ಕರುಳಿಗೆ ಅಳತೆ ಹಾಕಿ ಕಿಡ್ನಿ ಅಂತೀಯಲ್ಲೇ! ನಾಳೆ ರೋಗಿಗೂ ಹೀಗೇ ಸುಳ್ಳು ಹೇಳ್ತೀಯಾ?”

ಮೇಡಂ ಮುಂದಿನ ಮಂಚಕ್ಕೆ ಹೊರಟುಹೋದರು. ಯಾರೂ ನಗಲಿಲ್ಲ. ನಕ್ಕಿದ್ದರೂ ಇಷ್ಟು ಸುಡುತ್ತಿರಲಿಲ್ಲ.

ಬಿಳಿ ಕೋಟು ಕಳಚಿ ಮೆಟ್ಟಿಲಿಳಿಯುತ್ತಿದ್ದವಳ ಹಿಂದೆ ದೊಗ್ಯೊಮ್ ಓಡಿ ಬಂದ. ಅಂಗಿಯೆಲ್ಲ ಜೆಲ್.

“ಹಾರಮ್ ಅವರೇ, ನಿಲ್ಲಿ!”

“ಬಿಡಿ ಸೀನಿಯರ್, ಮುಖ ತೋರಿಸೋಕಾಗ್ತಿಲ್ಲ. ಕಾಣದೇ ಇದ್ರೂ ಕಂಡಿತು ಅಂದೆ... ಇಂಥವಳನ್ನ ನಂಬಿ ಯಾರು ಬಂದು ಮಲಗ್ತಾರೆ? ನಾನು ಕೋರ್ಸ್ ಬಿಡ್ತೀನಿ.”

“ಅದು ಯಾರಿಗೂ ಕಾಣಲ್ಲ. ಹುಟ್ಟಿನಿಂದ ನನಗೆ ಒಂದೇ ಕಿಡ್ನಿ.”

ಹಾರಮ್ ತಿರುಗಿ ನಿಂತಳು.

“ಎಲ್ಲ ಹುಡುಗರೂ ಹೋಗಲೇಬೇಕಾದ ಸೈನ್ಯಕ್ಕೆ ನನ್ನನ್ನ ತಗೊಳ್ಳಲೇ ಇಲ್ಲ. ಆ ಕಾವಲು, ಆ ಚಳಿ ಎಲ್ಲ ನಮ್ಮಣ್ಣನ ಕಥೆ! ‘ನೀನ್ಯಾಕೋ ಹೋಗ್ಲಿಲ್ಲ’ ಅಂತ ಕೇಳಿಸ್ಕೊಳ್ಳೋಕೆ ನಾಚಿಕೆಯಾಗಿ... ಇವತ್ತು ಬರೀ ಲಿವರ್ ನೋಡ್ತೀರಿ ಅಂದ್ಕೊಂಡೆ. ನಿಮ್ಮನ್ನ ಮಾತಾಡಿಸೋಕೆ ಒಂದು ನೆಪ ಬೇಕಿತ್ತು, ಅಷ್ಟೇ.”

“ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ರಾ? ಮೇಡಂ ನನ್ನನ್ನ ಅಷ್ಟು ಬೈತಿದ್ರೂ?”

ಅವನು ತಲೆ ತಗ್ಗಿಸಿದ. ಅವಳಿಗೆ ಸಿಟ್ಟು ಉಕ್ಕಿತು. ಆದರೆ... ಕರುಳಿಗೆ ಗುರುತಿಟ್ಟದ್ದು ತನ್ನದೇ ಕೈಯಲ್ಲವೇ?

ಅವನು ಮತ್ತೆ ಮೆಟ್ಟಿಲು ಹತ್ತಿದ. ಹಾರಮ್ ಹಿಂಬಾಲಿಸಿದಳು. ಇಡೀ ತರಗತಿಯ ಎದುರು ಅವನು ಎಲ್ಲವನ್ನೂ ಹೇಳಿಕೊಂಡ.

“ಸಾರ್ಜೆಂಟ್ ಸಾಹೇಬರಿಗೆ ಸಲಾಂ!” ಯಾರೋ ಕುಟುಕಿದರು.

ಮೇಡಂ ಅವನನ್ನು ಮಲಗಿಸಿ ತಾವೇ ಬಹಳ ಹೊತ್ತು ಪರೀಕ್ಷಿಸಿದರು; ಅವರಿಗೂ ಎಡಗಡೆಯ ಕಿಡ್ನಿ ಸಿಗಲಿಲ್ಲ. ಆಮೇಲೆ ಹಾರಮ್‌ಳತ್ತ ನೋಡಿದರು. “ನಿಂಗೇನು ಕಾಣ್ತು? ಈಗ ಹೇಳು.”

“ಏನೂ ಕಾಣಲಿಲ್ಲ ಮೇಡಂ. ಹೆದರಿ ಅಳತೆ ಹಾಕಿದೆ. ಅವರ ಸುಳ್ಳಿಗೂ ಇದಕ್ಕೂ ಸಂಬಂಧ ಇಲ್ಲ. ತಪ್ಪು ನಂದೇ.”

ಮೇಡಂ ಕಣ್ಣು ತುಸು ಮೆತ್ತಗಾಯಿತು. “ಸೋಮವಾರ ಬೇರೆಯವರ ಮೇಲೆ ಮಾಡಿ ತೋರಿಸು. ಕೋಟು ಹಾಕ್ಕೋ.”

ಸಂಜೆ ಕಾಲೇಜಿನ ಹಿಂದಿನ ಬೆಂಚಿನ ಮೇಲೆ ಇಬ್ಬರೇ.

“ನಾಳೆಯಿಂದ ಯಾರೂ ನನ್ನ ಜೊತೆ ಊಟಕ್ಕೆ ಕೂರಲ್ಲ,” ಎಂದ ದೊಗ್ಯೊಮ್.

“ನಾನು ಕೂರ್ತೀನಿ.”

“ಹೇಳೋಕೆ ಒಂದು ಕಥೆನೂ ಇಲ್ಲ ನನ್ನ ಹತ್ರ.”

“ನಿಂದೇ ಹೇಳು...” ಎಂದವಳೇ ಹಾರಮ್ ನಾಲಿಗೆ ಕಚ್ಚಿಕೊಂಡಳು. ಅಯ್ಯೋ, ಸೀನಿಯರ್‌ಗೆ ‘ನೀನು’ ಅಂದುಬಿಟ್ಟೆ!

“ಇನ್ಮೇಲೆ ಹಾಗೇ ಕರಿ,” ಎಂದ ಅವನು ಮೆಲ್ಲಗೆ. “ನಂಗೆ ನೀನಂದ್ರೆ ಇಷ್ಟ, ಹಾರಮ್.”

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

“ನಂಗೂ... ಆದ್ರೆ ಈಗ ನನ್ನ ಮುಖ ನೋಡ್ಬೇಡ.”

“ನೋಡ್ತಾ ಇಲ್ಲ.”

ಅವಳು ಬೆರಳ ಸಂದಿಯಿಂದ ಇಣುಕಿದಳು. “ನೋಡ್ತಿದೀಯ!”

“ಹೂಂ,” ಎಂದ ಅವನು. “ನೋಡ್ತಿದೀನಿ.”