ಕೆನೆ ಒಡೆಯದ ಒಲೆ

ಮಾಕ್ ವಿಂಗ್-ಹೋ ಮೊದಲ ಸಲ ನಮ್ಮ ಅಂಗಡಿಗೆ ಬಂದಾಗ, ಒಲೆ ವಾಪಸ್ ಒಯ್ಯಲು ಬಂದವನೆಂದುಕೊಂಡೆ.

"ಬೇಗ ಹೊತ್ಕೊಂಡು ಹೋಗಿ. ನನ್ನ ಹಾಲೆಲ್ಲ ಹಾಳು ಮಾಡ್ತಿದೆ," ಎಂದೆ.

ಅವನು ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು ಒಲೆಯ ಹಿಂದೆ ವೈರು ಚುಚ್ಚಿದ. "ಹಾಲು ಏನ್ ಮಾಡ್ತು, ನಿಧಾನವಾಗಿ ಹೇಳಿ," ಎಂದ.

ದಕ್ಷಿಣ ಚೀನಾದ ಷುಂಡೆಯ ಹಳೇ ಪೇಟೆಯಲ್ಲಿ ನಮ್ಮದು 'ಎರಡು ಕೆನೆ ಹಾಲು' ಎಂಬ ಸಿಹಿತಿನಿಸಿನ ಅಂಗಡಿ. ಎಮ್ಮೆ ಹಾಲು ಕಾಯಿಸಿ ಬಟ್ಟಲಿಗೆ ಹುಯ್ದರೆ ಮೇಲೆ ಕೆನೆ ಕಟ್ಟುತ್ತದೆ. ಆ ಕೆನೆ ಒಡೆಯದಂತೆ ಅಡಿಯ ಹಾಲನ್ನು ಬಗ್ಗಿಸಿ, ಸಕ್ಕರೆ ಮತ್ತು ಮೊಟ್ಟೆಯ ಬಿಳಿ ಬೆರೆಸಿ, ಮತ್ತೆ ಕೆನೆಯ ಕೆಳಗೇ ಹುಯ್ದು ಹಬೆಯಲ್ಲಿಟ್ಟರೆ ಎರಡನೆಯ ಕೆನೆ ಬರುತ್ತದೆ. ಗಲ್ಲಿಯಲ್ಲಿ ಗ್ಯಾಸ್ ಸಿಲಿಂಡರ್ ಕೂಡದೆಂದು ನಗರಸಭೆ ಹೇಳಿದ ಮೇಲೆ, ಒಂದು ಕಂಪನಿ ಪರೀಕ್ಷೆಗೆಂದು ಈ ಸ್ಮಾರ್ಟ್ ಇಂಡಕ್ಷನ್ ಒಲೆ ಕೊಟ್ಟಿತ್ತು. ಅದು ಒಮ್ಮೆಲೇ ಕುದಿಸುತ್ತಿತ್ತು, ತಟಕ್ಕನೆ ನಿಲ್ಲುತ್ತಿತ್ತು, ಮತ್ತೆ ಕುದಿಸುತ್ತಿತ್ತು. ಅದರ ಕೈಯಲ್ಲಿ ಒಂದು ಕೆನೆಯೂ ಉಳಿಯುತ್ತಿರಲಿಲ್ಲ.

"ಇದಕ್ಕೆ ಹಾಲೂ ನೀರೂ ಒಂದೇ," ಎಂದೆ.

"ಅದರ ತಪ್ಪಲ್ಲ, ನನ್ನದು. ನಾವು ಫ್ಯಾಕ್ಟರಿಯಲ್ಲಿ ಪರೀಕ್ಷೆ ಮಾಡಿದ್ದೇ ನೀರಿಟ್ಟುಕೊಂಡು."

ತಪ್ಪನ್ನು ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವ ಗಂಡಸನ್ನು ಮೂವತ್ನಾಲ್ಕು ವರ್ಷಗಳಲ್ಲಿ ನಾನು ಕಂಡಿರಲಿಲ್ಲ. ಸಿಟ್ಟು ಇಟ್ಟುಕೊಳ್ಳಲು ಜಾಗವೇ ಇಲ್ಲದಂತಾಯಿತು.

ಆಮೇಲೆ ಪ್ರತಿ ಗುರುವಾರ ಬಂದ. ವೈರು ಚುಚ್ಚಿ ಹೊಸ ಸಾಫ್ಟ್‌ವೇರ್ ತುಂಬುವನು, ನಾನು ಹಾಲಿಡುವೆ, ಇಬ್ಬರೂ ತಲೆ ಬಗ್ಗಿಸಿ ಪಾತ್ರೆಯೊಳಗೆ ನೋಡುತ್ತ ನಿಲ್ಲುವೆವು. ಮೂರನೇ ಅಪ್‌ಡೇಟಿಗೆ ಒಲೆ ಸಣ್ಣ ಉರಿ ಹಿಡಿಯುವುದನ್ನು ಕಲಿಯಿತು. ಐದನೆಯದಕ್ಕೆ, ಹಾಲು ಉಕ್ಕುವ ಮುನ್ನ ತಾನೇ ತಗ್ಗಿತು. ಹಬೆ ತಾಗಿ ಅವನ ಕನ್ನಡಕ ಮಂಜಾಗುವುದು. ಅದನ್ನು ಒರೆಸಿಕೊಳ್ಳುವಾಗ ಅವನ ಕಣ್ಣುಗಳು ನನ್ನನ್ನು ಹುಡುಕುತ್ತಿದ್ದವು. ಕನ್ನಡಕವಿಲ್ಲದೆ ಕಾಣುತ್ತಿರಲಿಲ್ಲವೇನೋ, ಆದರೂ ನಾನು ಮುಂಗುರುಳು ಸರಿಮಾಡಿಕೊಳ್ಳುತ್ತಿದ್ದೆ.

ಹೊರಡುವ ಮುನ್ನ ಒಂದು ಬಟ್ಟಲು ಕೊಡುತ್ತಿದ್ದೆ. ಬಟ್ಟಲು ಖಾಲಿಯಾಗುವವರೆಗೆ ಎದುರಿಗೇ ನಿಲ್ಲುತ್ತಿದ್ದೆ.

"ಹೇಗಿದೆ, ಮಾಕ್ ಇಂಜಿನಿಯರೇ?"

"ಯಜಮಾನ್ತಿಯವರ ಕೈ ಚೆನ್ನಾಗಿದೆ. ಒಲೆ ಇನ್ನೂ ಸ್ವಲ್ಪ ಪೆದ್ದು."

ಮೂಲೆಯಲ್ಲಿ ಶುಂಠಿ ಹೆರೆಯುತ್ತಿದ್ದ ನನ್ನ ಚಿಕ್ಕಮ್ಮ ತಲೆ ಎತ್ತದೆ ಹೇಳಿದಳು, "ಪೆದ್ದು ಒಲೆ ಒಂದೇ ಅಲ್ಲ ಬಿಡಪ್ಪ."

ಹನ್ನೊಂದನೇ ಗುರುವಾರ ಅವನು ಒಲೆಗೆ ಅಂಗಡಿಯ ವೈಫೈ ಜೋಡಿಸಿದ. "ಇನ್ಮೇಲೆ ಅಪ್‌ಡೇಟು ತಾನಾಗೇ ಬರುತ್ತೆ. ನಾನು ಬರಬೇಕಾಗಿಲ್ಲ," ಎಂದ. "ಒಳ್ಳೇದಾಯ್ತು," ಎಂದೆ. ಇಬ್ಬರ ಮುಖದಲ್ಲೂ ಒಳ್ಳೆಯದೇನೂ ಆದಂತಿರಲಿಲ್ಲ.

ಅಲ್ಲಿಂದ ಒಲೆ ದಿನೇ ದಿನೇ ಜಾಣವಾಯಿತು, ನಾನು ದಿನೇ ದಿನೇ ಕೆಟ್ಟೆ. ಬೆಳಿಗ್ಗೆ ಬಾಗಿಲು ತೆಗೆದಾಗ ಅದರ ಹಸಿರು ದೀಪ ಮಿಣುಕುತ್ತಿದ್ದರೆ, ಅವನು ನಿನ್ನೆ ಕೂತು ಬರೆದದ್ದು ಬಂದಿದೆ ಎಂದರ್ಥ. ಸುಮ್ಮನೆ ಅದರ ಮುಂದೆ ನಿಲ್ಲುತ್ತಿದ್ದೆ. ಹಬೆ ಈಗ ಎಷ್ಟು ಹದವಾಗಿತ್ತೆಂದರೆ ಕೆನೆಯ ಮೇಲೆ ಒಂದು ತೂತೂ ಬೀಳುತ್ತಿರಲಿಲ್ಲ. ಗುರುವಾರ ಬಂದರೆ ಮಾತ್ರ ಒಲೆ ಬಿಟ್ಟು ಬಾಗಿಲ ಕಡೆಗೇ ನೋಡುತ್ತಿದ್ದೆ.

"ಕೆನೆ ಒಡೀತು ಅಂತ ಒಂದು ದೂರು ಬರೀ. ಓಡಿ ಬರ್ತಾನೆ," ಎಂದಳು ಚಿಕ್ಕಮ್ಮ.

"ಒಡೀಲಿಲ್ವಲ್ಲ."

"ಅಯ್ಯೋ, ಯಾರು ನೋಡ್ತಾರೆ?"

"ನಾನು ನೋಡ್ತೀನಲ್ಲ, ಚಿಕ್ಕಮ್ಮ." ಅವನು ಅಷ್ಟು ಕಷ್ಟಪಟ್ಟು ಸರಿಮಾಡಿದ್ದನ್ನು ಕೆಟ್ಟಿದೆ ಎನ್ನಲು ನನಗೆ ಬಾಯಿ ಬರಲಿಲ್ಲ.

ಎರಡು ತಿಂಗಳ ಮೇಲೆ ಅವನೇ ಬಂದ, ಕೈಯಲ್ಲಿ ಕಾಗದ, ಹಿಂದೆ ಸೂಟ್‌ಕೇಸ್. ಪರೀಕ್ಷೆ ಮುಗಿಸುವ ಕಾಗದಕ್ಕೆ ನನ್ನ ಸಹಿ ಬೇಕಿತ್ತು. ಸಹಿಯಾದರೆ ಒಲೆ ಮಾರುಕಟ್ಟೆಗೆ ಹೋಗುತ್ತದೆ, ಅವನು ಹೊಸ ಕೆಲಸಕ್ಕೆಂದು ಉತ್ತರದ ಹೆಫೆ ಊರಿಗೆ. ನಾಲ್ಕು ಗಂಟೆಗೆ ರೈಲು.

"ದೂರು ಏನಾದ್ರೂ ಇದ್ರೆ?"

"ಇನ್ನೂ ಮೂರು ತಿಂಗಳು ಇಲ್ಲೇ ಇರ್ತೀನಿ." ಪೆನ್ನನ್ನು ನನ್ನ ಕಡೆ ಚಾಚಿ, "ಇದ್ದದ್ದನ್ನೇ ಬರೀರಿ," ಎಂದ.

ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಒಂದೇ ಒಂದು ಸಾಲು ಸುಳ್ಳು, ಮೂರು ತಿಂಗಳು. ಕೊನೆಗೆ 'ದೂರಿಲ್ಲ' ಎಂದು ಬರೆದು ಸಹಿ ಹಾಕಿದೆ. ಕಾಗದ ಅವನ ಕಡೆ ತಳ್ಳಿದೆ.

ಎದ್ದು ಒಂದು ಬಟ್ಟಲು ತಂದಿಟ್ಟೆ. ಅವನು ಚಮಚ ಮುಟ್ಟಲಿಲ್ಲ.

"ಇವತ್ತು ಬೇಡ. ರೈಲಲ್ಲಿ ತುಂಬಾ ದೂರ ಹೋಗ್ಬೇಕು." ಕಿವಿ ಕೆಂಪಾಗಿತ್ತು. "ನನಗೆ ಹಾಲು ಆಗಲ್ಲ. ಚಿಕ್ಕಂದಿನಿಂದ್ಲೂ. ತಿಂದ್ರೆ ರಾತ್ರಿಯೆಲ್ಲ ಹೊಟ್ಟೆನೋವು."

"ಹನ್ನೊಂದು ಬಟ್ಟಲು ತಿಂದ್ರಲ್ಲ."

"ತಿಂದೆ."

"ಯಾಕೆ? ಬೇಡ ಅಂದಿದ್ರೆ ಆಗ್ತಿತ್ತು."

"ಬೇಡ ಅಂದ್ರೆ ನೀವು ಒಳಗೆ ಹೋಗ್ಬಿಡ್ತಿದ್ರಿ. ತಿನ್ನೋ ಅಷ್ಟು ಹೊತ್ತು ನನ್ನೆದುರಿಗೇ ನಿಂತಿರ್ತಿದ್ರಿ."

"ಒಲೆ ಸರಿಯಾಗಿದೆ," ಎಂದೆ. "ಸರಿಯಾದ ದಿನದಿಂದ ನನಗೆ ಒಂದು ಗುರುವಾರವೂ ಕಳೀತಿಲ್ಲ. ಹೋಗ್ಬೇಡಿ ಅನ್ನೋ ಹಕ್ಕು ನನಗಿಲ್ಲ. ಆದ್ರೂ ಹೋಗ್ಬೇಡಿ ಅನ್ನಿಸ್ತಿದೆ."

ಅವನು ಕನ್ನಡಕ ತೆಗೆದ. ಹಬೆ ಇರಲಿಲ್ಲ, ಆದರೂ ಒರೆಸಿಕೊಂಡ. "ಹೆಫೆಗೆ ನಾಳೆನೂ ರೈಲಿದೆ. ತಿಂಗಳಿಗೊಂದು ಸಲ ಅಲ್ಲಿಂದ ಈ ಕಡೆಗೂ ಬರಬಹುದು. ಬರಲಾ?"

ನಾನು ಹೂಂ ಎಂದು ತಲೆಯಾಡಿಸಿದೆ.

ಚಿಕ್ಕಮ್ಮ ಶುಂಠಿ ಬುಟ್ಟಿ ಎತ್ತಿಕೊಂಡು, ಮೀನು ತರಬೇಕೆಂದು ಹೊರಗೆ ಹೋದಳು.

ಹಾಲಿನ ಬಟ್ಟಲು ಪಕ್ಕಕ್ಕಿಟ್ಟು, ಅಕ್ಕಿ ತೊಳೆದು, ಗಂಜಿಗೆ ನೀರಿಟ್ಟೆ. ಗಡಿಯಾರ ಮೂರು ತೋರಿಸುತ್ತಿತ್ತು.

"ಬೇಗ ಮಾಡ್ಲಾ, ಸಣ್ಣ ಉರಿಯಲ್ಲಿ ಮಾಡ್ಲಾ? ಸಣ್ಣ ಉರಿಗೆ ಎರಡು ಗಂಟೆ ಹಿಡಿಯುತ್ತೆ."

ಅವನು ಎದ್ದು ಬಂದು ನನ್ನ ಪಕ್ಕ ನಿಂತ. ಬೆರಳು ಚಾಚಿ ಸಣ್ಣ ಉರಿಯ ಗುಂಡಿಯನ್ನು ತಾನೇ ಒತ್ತಿದ.